ರಂಜನಾ ಕಾಕುವಿನ ಫೋಟೋ

ಬಸ್ಸು ಸಾಂಗಲಿ ಹತ್ತಿರದ ಕಸಬೆ ಡಿಗ್ರಜಕ್ಕೆ ಬಂದಾಗ ಹೊತ್ತು ಮುಳುಗಿತ್ತು. ಇಳಿದವರು ಇಬ್ಬರೇ. ಒಬ್ಬ ನನ್ನ ತಾಯಿಯ ತಂಗಿ ಮಾವಶಿಯ ಮಗ ವೃಷಭ. ಇದನ್ನೆಲ್ಲ ನನಗೆ ಹೇಳಿದವನು ಅವನೇ, ಆದ್ದರಿಂದ ಯಾರೋ ಯಾರಿಂದಲೋ ಕೇಳಿದ್ದು ಎಂದುಕೊಳ್ಳಬೇಡಿ. ಇನ್ನೊಬ್ಬರು ಅವನ ಪಾಯಪ್ಪ ಕಾಕಾ, ಅಂದರೆ ಅವನ ತಂದೆಯ ತಮ್ಮ. ಮಕ್ಕಳಿಲ್ಲ. ಹೆಂಡತಿ ರಂಜನಾ ಕಾಕು ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು.

ಮಿರಜಿನ ಕಣ್ಣಿನ ಡಾಕ್ಟರು ಅಂದು ಕಾಕಾಗೆ ಮುಚ್ಚುಮರೆ ಇಲ್ಲದೆ ಹೇಳಿದ್ದರು. ದೀಪಾವಳಿಯ ತನಕ ಒಂದಿಷ್ಟು ಕಾಣಬಹುದು… ಆಮೇಲೆ ಇಲ್ಲ.

"ಆ ಡಾಕ್ಟರಗ ಹೊತ್ತು ಮುಳುಗೂದು ಗೊತ್ತಿಲ್ಲೇನಪಾ?" ಕಾಕಾ ಗೊಣಗಿದರು. "ಕಣ್ಣೂ ಹೋತಂದ, ಊಟಾನೂ ತಪ್ಪಿಸ್ದ."

ಜೈನರ ಮನೆ. ಕತ್ತಲಾದ ಮೇಲೆ ಉಣ್ಣುವುದಿಲ್ಲ. ಅದಕ್ಕೇ ಈ ಮಾತು.

ಮನೆಯ ದಾರಿಯಲ್ಲಿ ಅವರದೇ ಬಾವಿ ಇದೆ. ಅದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವರಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಸೋಸಿದ ಬಟ್ಟೆಯ ಮೇಲೆ ಕಣ್ಣಿಗೆ ಕಾಣದ ಜೀವಗಳು ಉಳಿಯುತ್ತವೆ. ಅವನ್ನು ಸಾಯಿಸಬಾರದು, ಯಾವ ನೀರಿನಿಂದ ಬಂದವೋ ಅದೇ ನೀರಿಗೆ ತಿರುಗಿ ಬಿಡಬೇಕು. ಮೇಲಿಂದ ಸುರಿಯುವಂತೆಯೂ ಇಲ್ಲ. ತಳದಲ್ಲಿ ಕೊಂಡಿ ಇರುವ ಹಿತ್ತಾಳೆಯ ಚೆಂಬಿನಂಥ ಚರಿಗಿಯಲ್ಲಿ ಹಾಕಿ ಹಗ್ಗದಿಂದ ಇಳಿಸಬೇಕು. ನೀರು ಮುಟ್ಟಿದ ಮೇಲೆ ಒಮ್ಮೆ ಜಗ್ಗಿದರೆ ಚರಿಗಿ ಮಗುಚುತ್ತದೆ. ಕಾಕು ಇದನ್ನು ಒಂದು ದಿನವೂ ಬಿಟ್ಟವಳಲ್ಲ. ಮೇಲೆ ಬಂದ ಚರಿಗಿಯನ್ನು ಸೆರಗಿನಿಂದ ಒಳಗೆಲ್ಲ ಒರೆಸಿಯೇ ಒಯ್ಯುತ್ತಿದ್ದಳು.

ಅವಳು ಹೋದ ಮೇಲೆ ಹಗ್ಗ ಕೊಳೆಯಿತು. ವೃಷಭ ಕತ್ತರಿಸಿ ಎಸೆದ. ನೀರು ಈಗ ಮೋಟರಿನಿಂದ ಮನೆಗೇ ಬರುತ್ತದೆ. ಅವನ ಹೆಂಡತಿ ಸೋನಲ ಸೋಸುತ್ತಾಳೆ, ನಿಜ. ಆದರೆ ಬಟ್ಟೆಯ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದಳು. ಕಾಕಾಗೆ ಇದು ಗೊತ್ತಿರಲಿಲ್ಲ.

ಬಾವಿಯ ಹತ್ತಿರ ಕಾಕಾ ನಿಂತರು.

"ವೃಷಭಾ… ನಿನ್ನ ಆ ಡಬ್ಬಿ ಐತೇನು?"

ಡಬ್ಬಿ ಎಂದರೆ ಕ್ಯಾಮೆರಾ. ವೃಷಭ ಬಿಡಿ ಭಾಗ ತರಿಸಿ ತಾನೇ ಜೋಡಿಸಿದ್ದ ಡಿಜಿಟಲ್ ಕ್ಯಾಮೆರಾ. ರಟ್ಟಿನ ಮೈ, ಗುಂಡಿಯಷ್ಟು ಲೆನ್ಸು, ಬೆಂಕಿಪೆಟ್ಟಿಗೆಯಷ್ಟು ಸ್ಕ್ರೀನು, ರಬ್ಬರ್ ಬ್ಯಾಂಡಿನಲ್ಲಿ ಬಿಗಿದ ಬ್ಯಾಟರಿ. ಫೋಟೋ ತೆಗೆಯಲು ಒಂದು ಗುಂಡಿ, ತೆಗೆದದ್ದನ್ನು ನೋಡಲು ಒಂದು, ಅಳಿಸಲು ಒಂದು. ಜೊತೆಗೆ ಫ್ಲ್ಯಾಶು ಮತ್ತು ಟೈಮರು. ಟೈಮರು ಅಂದರೆ, ಒತ್ತಿಟ್ಟು ನಾವೂ ಹೋಗಿ ನಿಲ್ಲಬಹುದು. ಕೆಂಪು ದೀಪ ಮಿಣುಕುತ್ತ ಟಿಕ್… ಟಿಕ್… ಅನ್ನುತ್ತದೆ, ಕೊನೆಗೆ ಟಿಕ್‌ಟಿಕ್‌ಟಿಕ್ ಎಂದು ಓಡಿ, ಫ್ಲ್ಯಾಶು ಹೊಡೆಯುತ್ತದೆ.

"ಇಲ್ಲೇ ಕಟ್ಟಿ ಮ್ಯಾಲ ನಂದೊಂದು ಫೋಟೋ ತಗಿ. ಆಕಿದಂತೂ ಒಂದೂ ಉಳೀಲಿಲ್ಲ."

ಉಳಿದಿರಲಿಲ್ಲ, ನಿಜ. ಕೃಷ್ಣೆಯ ಮಹಾಪೂರ ಮನೆಗೆ ಹೊಕ್ಕಾಗ ಎಲ್ಲ ಫೋಟೋ ಕೊಳೆತಿದ್ದವು. ಕಣ್ಣು ಹೋಗುವ ಮೊದಲು ಹೆಂಡತಿಯ ಮುಖ ಒಮ್ಮೆ ನೋಡಬೇಕು… ಕಾಕಾಗೆ ಇದ್ದ ಆಸೆ ಅದೊಂದೇ.

"ನೀನೂ ಬಾ, ಒಬ್ನೇ ಕುಂತ್ರ ಸ್ಮಶಾನದ ಫೋಟೋ ಆದಂಗ ಆಕ್ಕೈತಿ."

ವೃಷಭ ನಕ್ಕ. ಕ್ಯಾಮೆರಾವನ್ನು ಎದುರಿನ ಕಲ್ಲಿನ ಮೇಲಿಟ್ಟು ಟೈಮರು ಒತ್ತಿದ. ಓಡಿ ಬಂದು ಕೂತ.

ಟಿಕ್… ಟಿಕ್…

"ಸೋನಲ ಬಟ್ಟಿ ನೀರು ದಿನಾ ಬಾವಿಗೆ ಬಿಡ್ತಾಳಲ್ಲ?"

"ಹೂಂ ಕಾಕಾ," ಅಂದ ವೃಷಭ. ಮುದುಕರನ್ನು ಯಾಕೆ ನೋಯಿಸುವುದು ಎಂದು.

ಫ್ಲ್ಯಾಶು ಹೊಡೆಯಿತು. ಅದೇ ಹೊತ್ತಿಗೆ ಬಾವಿಯೊಳಗೆ… ಗುಳುಕ್. ಚರಿಗಿ ಮಗುಚಿದ ಸದ್ದು.

ವೃಷಭ ಹೋಗಿ ಸ್ಕ್ರೀನು ನೋಡಿದ. ಅವನಿದ್ದಾನೆ, ಕಾಕಾ ಇದ್ದಾರೆ. ಹಿಂದಿನ ರಾಟೆಯಿಂದ ಒಂದು ಹಗ್ಗ ಬಾವಿಯೊಳಗೆ ಇಳಿದಿದೆ. ಭಾರ ಹಿಡಿದಂತೆ ಬಿಗಿಯಾಗಿದೆ.

ತಲೆಯೆತ್ತಿ ನೋಡಿದ. ರಾಟೆಗೆ ಹಗ್ಗವಿರಲಿಲ್ಲ.

"ನಡ್ರಿ ಕಾಕಾ, ಮನಿಗೆ ಹೋಗೂಣು."

"ಥಾಂಬ ರೇ, ನಿಂದ್ರು." ಕಾಕಾನ ದನಿ ಇಳಿದಿತ್ತು. "ಆಕಿ ಚರಿಗಿ ಸಪ್ಪಳ ಅದು. ನನಗ ಗೊತ್ತಾಗೂದಿಲ್ಲೇನು? ಇನ್ನೊಂದು ತಗಿ."

"ಬ್ಯಾಡ್ರಿ…"

"ತಗಿಯೋ. ಸಾಂಗಲ್ಯಾಗ ದೊಡ್ಡದು ಮಾಡ್ಸು. ದೀಪಾವಳಿ ತನಕ ನೋಡ್ತೀನಿ."

ಆ ಮಾತಿಗೆ ವೃಷಭ ಸೋತ. ತೆಗೆದ.

ಈ ಫೋಟೋದಲ್ಲಿ ಕಟ್ಟೆಯ ಅಂಚಿನ ಮೇಲೆ ಒಂದು ಕೈ. ಒಳಗಿನಿಂದ ಹಿಡಿದ ಕೈ. ಹಸಿರು ಬಳೆ. ಮತ್ತೆ, ಕಾಕಾ ಫೋಟೋದಲ್ಲಿ ಬಾವಿಯ ಕಡೆ ತಿರುಗಿ ಕೂತಿದ್ದಾರೆ. ಎದುರಿಗಿದ್ದ ಕಾಕಾ ತಿರುಗಿರಲಿಲ್ಲ.

"ಮಾರಿ ಬಂತೇನು?"

"ಮುಖ ಇಲ್ರಿ… ಕೈ ಅಷ್ಟೇ."

"ಇನ್ನೊಂದು."

ಮೂರನೆಯದರಲ್ಲಿ ಅಂಚಿನ ಮೇಲೆ ಒದ್ದೆ ಬೈತಲೆ ಕಂಡಿತು, ಹಣೆ ಕಂಡಿತು, ಕುಂಕುಮ ಕಂಡಿತು. ಹುಬ್ಬಿನ ಕೆಳಗೆ ಇನ್ನೂ ಬಂದಿರಲಿಲ್ಲ. ಫೋಟೋದ ಕಾಕಾನ ಎರಡೂ ಕಾಲು ಬಾವಿಯೊಳಗೆ ಇಳಿಬಿದ್ದಿದ್ದವು. ಆ ಫೋಟೋದಲ್ಲೇ, ಕಟ್ಟೆಯ ಬುಡದಲ್ಲಿ, ಅವರ ಚಪ್ಪಲಿ ಜೋಡಿಸಿಟ್ಟಿದ್ದವು.

ಆಗ ಕೆಂಪು ದೀಪ ಮಿಣುಕಿತು.

ಟಿಕ್…

ವೃಷಭ ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

ಟಿಕ್… ಟಿಕ್… ರಾಟೆ ಕಿರ್ರ್… ಎಂದಿತು.

"ಬಿಡೋ," ಕಾಕಾ ಪಿಸುಗುಟ್ಟಿದರು. "ಈಗ ಮಾರಿ ಬರ್ತೈತಿ."

ವೃಷಭ ಅಳಿಸುವ ಗುಂಡಿ ಒತ್ತಿದ. ಒಂದೊಂದಾಗಿ ಮೂರೂ ಫೋಟೋ ಹೋದವು, ಟೈಮರು ನಿಲ್ಲಲಿಲ್ಲ. ಟಿಕ್‌ಟಿಕ್‌ಟಿಕ್ ಎಂದು ಓಡತೊಡಗಿತು. ರಬ್ಬರ್ ಬ್ಯಾಂಡು ಹರಿದು ಬ್ಯಾಟರಿ ಕಿತ್ತ.

ಸದ್ದಡಗಿತು… ರಾಟೆಯೂ ನಿಂತಿತು.

ತಲೆಯೆತ್ತಿದರೆ ಕಟ್ಟೆಯ ಬುಡದಲ್ಲಿ ಚಪ್ಪಲಿ. ಜೋಡಿಸಿಟ್ಟಿದ್ದವು. ಕಾಕಾ ಒಂದು ಕಾಲು ಒಳಗೆ ಹಾಕಿ ಕೂತಿದ್ದರು. ವೃಷಭ ಹಿಂದಿನಿಂದ ಎರಡೂ ತೋಳಲ್ಲಿ ತಬ್ಬಿ ಎಳೆದುಕೊಂಡ. ಮುದುಕರು ಕೊಸರಾಡಲಿಲ್ಲ. ಒಂದೇ ಮಾತು ಅಂದರು.

"ಅಷ್ಟೂ ನೋಡಗೊಡಲಿಲ್ಲಲ್ಲೋ."

ಮರುದಿನವೇ ವೃಷಭ ಹೊಸ ಹಗ್ಗ ತಂದ. ಅಂದಿನಿಂದ ದಿನಾ ಬೆಳಕಿರುವಾಗಲೇ ಬಟ್ಟೆಯ ನೀರನ್ನು ಬಾವಿಗೆ ಬಿಡುತ್ತಾನೆ. ಕ್ಯಾಮೆರಾಕ್ಕೆ ಮತ್ತೆ ಬ್ಯಾಟರಿ ಹಾಕಿಲ್ಲ. ದೀಪಾವಳಿಯ ಹೊತ್ತಿಗೆ ಕಾಕಾನ ಕಣ್ಣು ಪೂರ್ತಿ ಹೋಯಿತು.

ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಾನೂ ನಂಬಿರಲಿಲ್ಲ. ಅದಕ್ಕೇ ಹೋದ ತಿಂಗಳು ಅಲ್ಲಿಗೆ ಹೋಗಿ ಪಕ್ಕದಲ್ಲೇ ನಿಂತು ನೋಡಿದೆ. ವೃಷಭ ಚರಿಗಿ ಇಳಿಸಿದ. ಗುಳುಕ್ ಎಂದಿತು. ಮೇಲೆಳೆದು ಕಾಕಾನ ಕೈಗೆ ಕೊಟ್ಟ. ಕಾಕಾ ಒಳಗೆ ಬೆರಳು ಆಡಿಸಿದರು. ಮುಖ ಅರಳಿತು.

"ಒರಸ್ಯಾಳ," ಅಂದರು. ಆಮೇಲೆ ಕೈ ಚಾಚಿ, "ನಾಳಿಂದ ನಾನೇ ಇಳಸ್ತೀನಿ, ವೃಷಭಾ. ಹಗ್ಗ ನನ್ನ ಕೈಯಾಗ ಕೊಡು."

ವೃಷಭ ಹಗ್ಗವನ್ನು ತನ್ನ ಕೈಗೇ ಸುತ್ತಿಕೊಂಡ.

ನಾನು ಚರಿಗಿ ಇಸಿದುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ನನ್ನ ಕೈಯಾರೆ ಮುಟ್ಟಿ ನೋಡಿದ್ದೇನೆ. ಹೊರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಒಣಗಿತ್ತು.