ಟೇಪಿಗೆ ಬಿದ್ದ ಕೂಗು

ಯಂತ್ರಗಳ ಸದ್ದಿನಿಂದ ಹಾಡಿನ ರೆಕಾರ್ಡು ಮಾಡಲು ಬಂದಿದ್ದ ಬೆಂಗಳೂರಿನ ತಂಡ, ರೇಷ್ಮೆ ಮಿಲ್ಲಿನಲ್ಲಿ ಗೂಡು ಬೇಯಿಸುವ ಕುದಿನೀರಿಗೆ ಕೈ ಬಿದ್ದು ಕೆಲಸದಾಳು ಕೆಂಪಾಜಮ್ಮ ಕಿರುಚಿದ್ದನ್ನೂ ಟೇಪಿಗೆ ಹಿಡಿದುಕೊಂಡಿತು.

ಕೆಲವು ದಿನಗಳ ಮೇಲೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅವಳೂ ಅವಳಣ್ಣ ಪುಟ್ಟಸಿದ್ದಯ್ಯನೂ ಆಡುತ್ತಿದ್ದ ಮಾತು ಪಕ್ಕದಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದ ಗೋವಿಂದಯ್ಯನೆಂಬ ಅಪರಿಚಿತನ ಕಿವಿಗೆ ಬಿತ್ತು.

"ಮಿಸನ್ ಸದ್ದಲ್ಲಿ ನಿನ್ ಕೂಗು ಮುಚ್ಚೋಗ್ಬುಟ್ಟದಂತೆ. ಸ್ಟುಡಿಯೋಗ್ ಬಂದು ಇನ್ನೊಂದ್ಸಲ ಅಂಗೇ ಕೂಗ್ಬೇಕಂತೆ ಕಣವ್ವ."

"ಕುದಿನೀರೂ ಅವ್ರೇ ಮಡಗಿರ್ತಾರಾ?"

"ಸುಮ್ಕಿರು."

"ಕೈ ಬೇಯುವಾಗ ನೀನೆಲ್ಲಿದ್ದೆ, ಅಣ್ಣ?"

"ಅವ್ರ ಮೈಕ್ ಇಡ್ಕಂಡಿದ್ದೆ."

"ಓಡ್ಬರಕ್ಕಾಗ್ನಿಲ್ವ?"

ಪುಟ್ಟಸಿದ್ದಯ್ಯ ತನ್ನ ಅಂಗೈಗಳನ್ನೇ ನೋಡಿಕೊಂಡ. "ಅಳ್ಳಾಡ್ಬೇಡ ಅಂದಿದ್ರು ಕಣವ್ವ."

ಗೋವಿಂದಯ್ಯನಿಗೆ ಅವನ ಮುಖ ನೋಡಲಾಗಲಿಲ್ಲ.

"ಬೆಂಗ್ಳೂರ್ ಬಸ್ ಬಂತು. ಏಳು, ಓಗವ."

"ನಾ ಬರಾಕಿಲ್ಲ. ಬೇಕಾದ್ರೆ ನೀನೇ ಓಗಿ ಕೂಗು," ಎಂದು ಕೆಂಪಾಜಮ್ಮ ಬಟ್ಟೆ ಸುತ್ತಿದ ಕೈಯನ್ನು ಎದೆಗವುಚಿಕೊಂಡು ತನ್ನೂರು ಕಾಮಗೆರೆಯ ದಾರಿ ಹಿಡಿದಳು.