ಅತ್ತೆಯ ಮೊದಲ ಎಕ್ಸ್‌ರೇ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ಮೂಳೆ ಡಾಕ್ಟರೇ, ಜೊತೆಯಲ್ಲಿ ದುಡಿದವರೇ, ಸಭಿಕರೇ,

ಈ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತೊಂದು ವರ್ಷ "ಉಸಿರು ಹಿಡೀರಿ, ಅಲುಗಾಡಬೇಡಿ" ಎಂದು ಎಲ್ಲರನ್ನೂ ಗದರಿಸಿದವಳು ನಾನು. ಇಂದು ನಿವೃತ್ತಿಯ ದಿನ ಮೈಕಿನ ಮುಂದೆ ನನ್ನದೇ ಉಸಿರು ಕಟ್ಟುತ್ತಿದೆ. ನಗಬೇಡಿ, ನಿಮ್ಮ ಸರದಿಯೂ ಬರುತ್ತದೆ.

ಬದಲಿಸಿದ ಸೊಂಟದ ಕೀಲು ಸಡಿಲವಾಗುವುದನ್ನು ಬೇಗನೆ ಪತ್ತೆ ಹಚ್ಚುವ ಕಣ್ಣು ನನ್ನದು ಎಂದು ಹೊಗಳಿದಿರಿ. ಆ ಕಣ್ಣು ತೆರೆಸಿದವರು ಯಾರು ಗೊತ್ತೇ? ನಮ್ಮತ್ತೆ. ಅಗೋ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಹನ್ನೆರಡು ವರ್ಷದ ಹಿಂದಿನ ಮಾತು. ಅತ್ತೆಗೆ ಕೀಲು ಬದಲಿಸಿ ಆಗಲೇ ಆರು ವರ್ಷವಾಗಿತ್ತು. ಕುರ್ಚಿಯಿಂದ ಏಳುವಾಗ "ಅಯ್ಯೋ, ತೊಡೆ!" ಎನ್ನುವರು. ನಾಲ್ಕು ಹೆಜ್ಜೆ ಕುಂಟುವರು, ಐದನೆಯದಕ್ಕೆ ಸಲೀಸು. ಇದು ನೋವೋ, ನಾಟಕವೋ? ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನೋ ಮನೆಯ ಪಂಡಿತೆ! ವರ್ಷ ವರ್ಷವೂ ಎಕ್ಸ್‌ರೇ ತೆಗೆದು, ಹೋದ ವರ್ಷದ್ದರ ಪಕ್ಕ ಇಟ್ಟು, "ಏನೂ ವ್ಯತ್ಯಾಸ ಇಲ್ಲ ಅತ್ತೆ" ಎನ್ನುತ್ತಿದ್ದೆ. ಡಾಕ್ಟರ ಮುಂದೆಯೂ ಅವೆರಡನ್ನೇ ಇಡುತ್ತಿದ್ದೆ. ನಮ್ಮ ಕೋಣೆಯ ಪದ್ಧತಿಯೇ ಹಾಗಿತ್ತು. ಅದಕ್ಕೂ ಹಳೆಯ ಫಿಲ್ಮುಗಳು ಉಗ್ರಾಣದಲ್ಲಿ. ಅಲ್ಲಿಗೆ ಹೋಗಿ ಯಾರು ಧೂಳು ಕುಡಿಯಬೇಕು? ನಮ್ಮನೆಯವರು "ಅಮ್ಮಾ, ಸಾಕು ನಿಲ್ಲಿಸು, ಎಕ್ಸ್‌ರೇಲೇ ಏನೂ ಇಲ್ಲ" ಎಂದುಬಿಟ್ಟರು. ಅಂದಿನಿಂದ ಅತ್ತೆ ನೋವಿನ ಮಾತೆತ್ತಲಿಲ್ಲ. ಗೋಡೆ ಹಿಡಿದು ಏಳುತ್ತಿದ್ದರು. ವಾಸಿಯಾಯಿತು ಅಂದುಕೊಂಡೆ. ಅಂದುಕೊಂಡೆನೋ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತೋ!

ಉಗ್ರಾಣಕ್ಕೆ ಬಣ್ಣ ಬಳಿಯುವಾಗ ಹಳೆಯ ಫಿಲ್ಮುಗಳೆಲ್ಲ ನನ್ನ ಮೇಜಿಗೆ ಬಂದವು. ಅವುಗಳಲ್ಲಿ ಅತ್ತೆಯ ಮೊದಲನೆಯದು, ಆಪರೇಷನ್ ಆದ ವಾರದ್ದು. ಸುಮ್ಮನೆ ಹೊಸದಾಗಿ ತೆಗೆದದ್ದರ ಪಕ್ಕ ಬೆಳಕಿಗೆ ಹಿಡಿದೆ. ತೊಡೆಮೂಳೆಯೊಳಗೆ ಕೂರಿಸಿದ್ದ ಲೋಹದ ಕಡ್ಡಿ ಉಗುರಿನಷ್ಟು ಕೆಳಗಿಳಿದಿತ್ತು, ಸುತ್ತ ಕಪ್ಪು ಗೆರೆ, ಅಂದರೆ ಕಡ್ಡಿ ಸಡಿಲವಾಗಿತ್ತು. ವರ್ಷಕ್ಕೆ ಕೂದಲೆಳೆಯಷ್ಟು ಇಳಿದರೆ, ಹೋದ ವರ್ಷದ್ದರ ಪಕ್ಕ ಏನು ಕಂಡೀತು?

ಡಾಕ್ಟರು "ಮೂಳೆ ಇನ್ನೂ ಗಟ್ಟಿ ಇದೆ, ಈಗ ಸಿಕ್ಕಿದ್ದು ಒಳ್ಳೇದಾಯ್ತು. ಇನ್ನೊಂದು ವರ್ಷ ಬಿಟ್ಟಿದ್ರೆ ತೊಡೆಮೂಳೆನೇ ಒಡೀತಿತ್ತು" ಎಂದರು. ಮತ್ತೆ ಆಪರೇಷನ್ ಆಯಿತು. ಎಂಬತ್ತು ದಾಟಿದರೂ ಇಂದು ಅತ್ತೆ ಪೇಟೆಗೆ ನನಗಿಂತ ಮುಂದೆ ನಡೆಯುತ್ತಾರೆ. ಹೊಸಬರೇ, ಕಂಪ್ಯೂಟರು ಹೋದ ವರ್ಷದ ಚಿತ್ರವನ್ನು ತಾನೇ ತೋರಿಸುತ್ತದೆ. ನೀವು ಮೊದಲನೆಯದನ್ನು ಹುಡುಕಿ ತೆರೆಯಿರಿ. ಏನೇ ಅವಸರವಿದ್ದರೂ ತೆರೆಯಿರಿ.

ಒಂದು ಮಾತು ನಾನು ಬರೆದು ತಂದ ಕಾಗದದಲ್ಲಿಲ್ಲ. ಕಡ್ಡಿ ಇಳಿದದ್ದು ಕಂಡ ದಿನ ಮನೆಯಲ್ಲಿ ನಾನು ಹೇಳಿದ್ದು, "ಹಳೇ ಮೆಷಿನ್ನು ಅತ್ತೆ, ಸರಿಯಾಗಿ ಕಾಣ್ತಿರಲಿಲ್ಲ." ಅತ್ತೆ ನನ್ನ ತಲೆ ಸವರಿ, "ಪಾಪ, ನೀನೇನು ಮಾಡ್ತೀಯ" ಎಂದಿದ್ದರು. ಅತ್ತೆ, ಮೆಷಿನ್ನು ಚೆನ್ನಾಗಿಯೇ ಇತ್ತು. ನಾನು ನಿಮ್ಮ ಮಾತು ನಂಬಲಿಲ್ಲ. ನಂಬಿದ್ದರೆ ಉಗ್ರಾಣಕ್ಕೆ ಹೋಗುತ್ತಿದ್ದೆ. ತಪ್ಪಾಯಿತು.

ನೋಡಿ, ಅತ್ತೆ ನಗುತ್ತಿದ್ದಾರೆ. ಗೊತ್ತಿತ್ತು ಎನ್ನುವಂತೆ ತಲೆಯಾಡಿಸುತ್ತಿದ್ದಾರೆ. ಹನ್ನೆರಡು ವರ್ಷ ಗೊತ್ತಿದ್ದೂ ನನಗೆ ಒಂದು ಮಾತು ಆಡಲಿಲ್ಲವಲ್ಲ!

ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ತುಂಬು ಹೃದಯದ ಧನ್ಯವಾದ. ಮೊದಲು ಅತ್ತೆಗೆ, ಆಮೇಲೆ ಸಭೆಗೆ, ನಮಸ್ಕಾರ.