ದೊರೆ ಕೂಸಿನ ಪಕ್ಕದ ಕಲ್ಲುಗಳು

ಹೆಸರು: ಭಾನುಪ್ರಿಯಾ ಕೋಂ ಅಂಜನ್. ವಯಸ್ಸು: 29 ವರ್ಷ. ಕೆಲಸ: ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವುದು. ವಾಸ: ಮುದ್ದಯ್ಯನಪಾಳ್ಯ ಗ್ರಾಮ, ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ.

ದಿನಾಂಕ 18-02-2025ರಂದು ಬೆಳಿಗ್ಗೆ 11 ಗಂಟೆಗೆ ನಾನೇ ಠಾಣೆಗೆ ಬಂದು, ನನ್ನ ಬಾಯಿಂದ ಹೇಳಿ ಬರೆಸುತ್ತಿರುವ ವಿಷಯವೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಹಾಗೂ ಅತ್ತೆ ಆದಿಲಕ್ಷ್ಮಮ್ಮನವರ ಜೊತೆ ವಾಸವಾಗಿರುತ್ತೇನೆ. ನಮ್ಮ ಊರಿನಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ, ಕೆರೆ ಏರಿಯ ಪಕ್ಕ, ಇಂಗ್ಲಿಷ್ ದೊರೆಗಳು ಕಟ್ಟಿಸಿದ ಕಲ್ಲಿನ ಚರ್ಚು ಇರುತ್ತದೆ. ನಮ್ಮೂರಿನಲ್ಲಿ ಕ್ರೈಸ್ತರ ಮನೆ ಒಂದೂ ಇಲ್ಲ. ಕ್ರಿಸ್‌ಮಸ್‌ಗೆ ಮಾತ್ರ ಪೇಟೆಯಿಂದ ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ಹೋಗುತ್ತಾರೆ. ಬೀಗದ ಕೈ ಊರಿನ ಹಿರಿಯರಾದ ಹನುಮಂತರಾಯಪ್ಪನವರ ಹತ್ತಿರ ಇರುತ್ತದೆ.

ಚರ್ಚಿನ ಹಿಂದೆ ಯಾರೋ ದೊರೆಯ ಹಸುಗೂಸಿನ ಗೋರಿ ಇದೆ. ಮೇಲೆ ಇಂಗ್ಲಿಷ್ ಅಕ್ಷರ ಕೆತ್ತಿದ್ದಾರೆ. ನಮ್ಮೂರಿನಲ್ಲಿ ನಾಮಕರಣಕ್ಕೆ ಮುಂಚೆ ತೀರಿಕೊಂಡ ಕೂಸುಗಳನ್ನು ದೊಡ್ಡವರ ಸ್ಮಶಾನಕ್ಕೆ ಒಯ್ಯುವುದಿಲ್ಲ. ಆ ದೊರೆ ಕೂಸಿನ ಪಕ್ಕದಲ್ಲೇ ಮಣ್ಣು ಮಾಡುತ್ತಾರೆ. ಒಂಟಿ ಕೂಸಿಗೆ ಜೊತೆಯಾಗಲಿ ಎಂದು ಹಿಂದಿನವರು ಶುರು ಮಾಡಿದ್ದಂತೆ. ಗುರುತಿಗೆ ಅವರವರ ಹೊಲದಿಂದ ಒಂದು ಕಲ್ಲು ತಂದು ಇಡುತ್ತಾರೆ. ಬಾಣಂತಿ ಅಲ್ಲಿಗೆ ಹೋಗುವಂತಿಲ್ಲ. ಗಂಡಸರು ಮಣ್ಣು ಮುಚ್ಚಿದ ಮೇಲೆ ತಿರುಗಿ ನೋಡದೆ ಬರಬೇಕು. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನನ್ನ ಹೆಣ್ಣು ಕೂಸು 2023ರ ಜೂನ್ ತಿಂಗಳಲ್ಲಿ ಹುಟ್ಟಿ, ವಾರ ತುಂಬುವಷ್ಟರಲ್ಲಿ ತೀರಿಕೊಂಡಿತು. ನನ್ನ ಗಂಡ ಒಯ್ದು ಮಣ್ಣು ಮಾಡಿ ಬಂದರು. ಬಾಣಂತನ ಮುಗಿದು ಕೆಲಸಕ್ಕೆ ಹೊರಟ ಮೇಲೆ ನಾನು ಒಬ್ಬಳೇ ಹೋಗಿ ನೋಡಿದೆ. ನಮ್ಮ ಬೋರ್‌ವೆಲ್ ಪಕ್ಕ ಬಿದ್ದಿದ್ದ ಕೆಂಪು ಕಲ್ಲು, ಒಂದು ಮೂಲೆ ಒಡೆದಿದ್ದು, ಅಲ್ಲಿತ್ತು. ಅದರ ಮೇಲೆ ಕೂತು ನಾನು ಎಷ್ಟೋ ಸಲ ಬಟ್ಟೆ ಒಗೆದಿದ್ದೇನೆ. ನೋಡಿದ ತಕ್ಷಣ ನಮ್ಮದೇ ಎಂದು ತಿಳಿಯಿತು. ಅಂದಿನಿಂದ ಬಸ್ಸಿಗೆ ಹೋಗುವ ದಾರಿಯಲ್ಲಿ ಆಗಾಗ ಅಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದೆ. ಅತ್ತೆಗೆ ಹೇಳಿರಲಿಲ್ಲ.

ದಿನಾಂಕ 16-02-2025ರ ಭಾನುವಾರ ಬೆಳಿಗ್ಗೆ ಸುಮಾರು 8-30ಕ್ಕೆ ಬೆಂಗಳೂರಿನಿಂದ ಮಿನಿ ಬಸ್ಸಿನಲ್ಲಿ ಒಂದು ಗುಂಪು ಬಂದಿರುತ್ತದೆ. ಹಳ್ಳಿಗಳಲ್ಲಿ ಉಳಿದಿರುವ, ಇಂಗ್ಲಿಷ್ ದೊರೆಗಳ ಪಂಗಡದ ಹಳೇ ಆಂಗ್ಲಿಕನ್ ಚರ್ಚುಗಳನ್ನು ಊರೂರು ಸುತ್ತಿ ನೋಡುವುದು ಅವರ ಹವ್ಯಾಸವಂತೆ. ಕರೆದುಕೊಂಡು ಬಂದವರು ಅಮರ್ ಎಂಬುವವರು. ನೋಡಲು ಬಂದವರು ನೋಡಿಕೊಂಡು ಹೋಗಿದ್ದರೆ ಇವತ್ತು ನಾನು ಸಂಬಳ ಬಿಟ್ಟು ಇಲ್ಲಿ ನಿಲ್ಲಬೇಕಾಗಿರಲಿಲ್ಲ. ಅವರಿಗೆ ಚರ್ಚಿನ ಸೇವೆಯನ್ನೂ ಮಾಡಬೇಕು ಅನ್ನಿಸಿತ್ತು. ಹಿಂಭಾಗದ ಗಿಡಗಂಟಿ ಕಿತ್ತರು. ನೆಲ ಕೆತ್ತಿ ಸಮ ಮಾಡಿದರು. ಕಲ್ಲುಗಳನ್ನೆಲ್ಲ ಎತ್ತಿ, ದೊರೆ ಕೂಸಿನ ಗೋರಿಗೆ ಹೋಗುವ ದಾರಿಯ ಎರಡೂ ಬದಿಗೆ ಸಾಲಾಗಿ ಜೋಡಿಸಿ, ಚೆಂದ ಕಾಣಲಿ ಎಂದು ಸುಣ್ಣ ಬಳಿದರು. ಅಂದು ನಾನು ತವರಿಗೆ ಹೋಗಿದ್ದೆ.

ಕಲ್ಲು ಎತ್ತುವ ಮುಂಚೆ ಇವು ಏನೆಂದು ಅಮರ್‌ರವರು ಹನುಮಂತರಾಯಪ್ಪನವರನ್ನು ಕೇಳಿದ್ದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. "ಏನಿಲ್ಲ ಸಾರ್, ಸುಮ್ನೆ ಕಲ್ಲುಗಳು" ಎಂದು ಆ ಹಿರಿಯರು ಹೇಳಿದರಂತೆ. ಹನುಮಂತರಾಯಪ್ಪನವರ ಮಗಳ ಕೂಸನ್ನೂ ಅಲ್ಲೇ ಮಣ್ಣು ಮಾಡಿದೆ. ಸುತ್ತ ನಿಂತಿದ್ದ ನಮ್ಮೂರ ಗಂಡಸರ ಪೈಕಿ ಒಬ್ಬರಾದರೂ ಬಾಯಿ ಬಿಡಲಿಲ್ಲ. ಭಾರದ ಕಲ್ಲುಗಳಿಗೆ ಕೈ ಕೊಟ್ಟವರೂ ಇದ್ದಾರೆ.

ಮಾರನೇ ದಿನ ಸೋಮವಾರ ಬೆಳಿಗ್ಗೆ 7 ಗಂಟೆಗೆ ಕೆಲಸಕ್ಕೆ ಹೊರಟವಳು ಎಂದಿನಂತೆ ಚರ್ಚಿನ ಹಿಂದಕ್ಕೆ ಹೋದೆ. ಮೊದಲು ಜಾಗ ತಪ್ಪಿ ಬಂದೆನೇನೋ ಅಂದುಕೊಂಡೆ. ನಂತರ ಸುಣ್ಣದ ಕಲ್ಲುಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದೆ. ಮೂಲೆ ಒಡೆದ ಕಲ್ಲು ಎಡಗಡೆ ಸಾಲಿನಲ್ಲಿತ್ತು. ಗುರುತಿಗಿದ್ದ ಗಿಡಗಳೂ ಇಲ್ಲದೆ ನೆಲವೆಲ್ಲ ಒಂದೇ ಸಮ ಕಾಣುತ್ತಿತ್ತು. ಕಲ್ಲು ಸಿಕ್ಕಿತು, ಜಾಗ ಸಿಗಲಿಲ್ಲ.

ನಡೆದದ್ದನ್ನು ಊರಿನವರಿಂದ ಕೇಳಿ ತಿಳಿದು, ಹನುಮಂತರಾಯಪ್ಪನವರ ಮನೆಗೆ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ಹೋದ ಕೂಸಿನ ಮಾತು ಕಂಡೋರ ಮುಂದೆ ಹೆಂಗ್ ಆಡದಮ್ಮಾ" ಎಂದರು. ನನ್ನ ಗಂಡನಿಗೆ ಫೋನ್ ಮಾಡಿ ಚರ್ಚಿನ ಹತ್ತಿರ ಕರೆಸಿ, ಮಣ್ಣು ಮಾಡಿದ್ದು ಎಲ್ಲಿ ಎಂದು ತೋರಿಸಲು ಹೇಳಿದೆ. ಅವರು ಒಂದು ಕಡೆ ಕೈ ತೋರಿಸಿದರು. ಅಲ್ಲ ಎಂದು ಇನ್ನೊಂದು ಕಡೆ ತೋರಿಸಿದರು. ಆಮೇಲೆ ಚರ್ಚಿನ ಮೆಟ್ಟಿಲ ಮೇಲೆ ಕೂತು ಅತ್ತರು. "ಒಂದ್ಸಲ ತಿರುಗಿ ನೋಡಿದ್ರೆ ನಿಮ್ ಗಂಟೇನು ಹೋಗ್ತಿತ್ತು" ಎಂದು ನಾನು ಕೇಳಿದ್ದು ನಿಜ. ಅಳುವವರಿಗೆ ಹಾಗೆ ಅನ್ನಬಾರದಿತ್ತು ಎಂದು ಮನೆಗೆ ಬಂದ ಮೇಲೆ ಅತ್ತೆ ಬೈದರು. ನನಗೆ ಈಗಲೂ ಹಾಗೆ ಅನ್ನಿಸಿಲ್ಲ.

ನನ್ನ ಗಂಡ ಅಮರ್‌ರವರ ನಂಬರ್ ಹುಡುಕಿ ಫೋನ್ ಮಾಡಿದ್ದರಿಂದ, ಅದೇ ದಿನ ಸಂಜೆ ಅವರು ಊರಿಗೆ ಬಂದರು. ಕೈ ಮುಗಿದು ಕ್ಷಮೆ ಕೇಳಿದರು. ಎಲ್ಲಾ ಕೂಸುಗಳಿಗೂ ಸೇರಿಸಿ ಒಂದು ಒಳ್ಳೆಯ ಗ್ರಾನೈಟ್ ಫಲಕ ಹಾಕಿಸುತ್ತೇವೆ ಎಂದರು. ನನಗೆ ಫಲಕ ಬೇಡ, ಕಲ್ಲು ಎತ್ತುವ ಮುಂಚೆ ತೆಗೆದ ಫೋಟೋ ತೋರಿಸಿ ಎಂದೆ. ಅವರ ಫೋನಿನಲ್ಲಿ ಚರ್ಚಿನ ಗಂಟೆ ಇತ್ತು, ಬಣ್ಣದ ಗಾಜಿನ ಕಿಟಕಿ ಇತ್ತು, ದೊರೆ ಕೂಸಿನ ಗೋರಿ ಎಲ್ಲಾ ದಿಕ್ಕಿನಿಂದಲೂ ಇತ್ತು. ನಮ್ಮ ಕಲ್ಲುಗಳು ಒಂದರಲ್ಲೂ ಇರಲಿಲ್ಲ. ಗೋರಿ ಚೆನ್ನಾಗಿ ಕಾಣಲೆಂದು ಅವು ಬರದ ಹಾಗೆ ಹಿಡಿದಿದ್ದೆ ಎಂದು ಅವರೇ ಒಪ್ಪಿಕೊಂಡಿರುತ್ತಾರೆ.

ಈ ಭಾನುವಾರ ಇನ್ನೊಂದು ಗುಂಪು ಚರ್ಚು ನೋಡಲು ಬರುವುದಿದೆ ಎಂದು ತಿಳಿದುಬಂದಿದೆ. ಯಾರನ್ನೂ ಜೈಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಚರ್ಚಿನ ಹಿಂದಕ್ಕೆ ಯಾರೂ ಹೋಗದ ಹಾಗೆ ಮಾಡಿಕೊಡಬೇಕೆಂದು ಕೇಳುತ್ತಿದ್ದೇನೆ. ಯಾವ ಜಾಗ ಬಿಟ್ಟರೆ ಸಾಕು ಎಂದು ಸಾಹೇಬರು ಈಗ ತಾನೇ ಕೇಳಿದರು. ಎಲ್ಲಿ ತುಳಿಯಬಾರದು ಎಂದು ನನಗೇ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ನಾನೂ ಒಳಗೆ ಹೋಗದೆ ಕಾಂಪೌಂಡಿನ ಹೊರಗೆ ನಿಂತು ಬಂದಿದ್ದೇನೆ.

ನಾನು ಹೇಳಿದಂತೆಯೇ ಬರೆದಿದ್ದಾರೆ. ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳು ಯಾವುದೂ ಇಲ್ಲ.

ಸ್ಥಳ: ದೊಡ್ಡಬಳ್ಳಾಪುರ
ದಿನಾಂಕ: 18-02-2025
ಸಹಿ: ಭಾನುಪ್ರಿಯಾ